ಅದ್ಭುತಕ್ಕೂ ಒಂದು ಔಚಿತ್ಯ

ವಿಜ್ಞಾನ ಕಾದಂಬರಿ, ಅದ್ಭುತರಮ್ಯ ಕಾದಂಬರಿ ಎಂಬ ಹೆಸರುಗಳನ್ನು ಕೇಳಿದೊಡನೆ ನಮ್ಮ ಸಾಹಿತ್ಯಾಸಕ್ತರಲ್ಲಿ ಹಲವರ ಮುಖದ ಮೇಲೆ ಒಂದು ಬಗೆಯ ಉದಾರವಾದ ನಗೆ ಮೂಡುತ್ತದೆ. ಅವು ಹುಡುಗರ ಪುಸ್ತಕಗಳು, ರೈಲು ಪ್ರಯಾಣದಲ್ಲಿ ಹೊತ್ತು ಕಳೆಯಲು ತಕ್ಕವು, ಪ್ರಬುದ್ಧರು ಓದಿದರೂ ಓದಿದೆವೆಂದು ಹೇಳಿಕೊಳ್ಳಬಾರದು ಎಂಬುದು ಆ ನಗೆಯ ತಾತ್ಪರ್ಯ. ನಾನು ವೃತ್ತಿಯಿಂದ ಕನ್ನಡದ ಅಧ್ಯಾಪಕನಾಗಿದ್ದವನು. ಮೂರು ದಶಕಗಳಿಗೂ ಮಿಕ್ಕಿ ತರಗತಿಯಲ್ಲಿ ಪಂಪನನ್ನು, ಹರಿಹರನನ್ನು, ಕುಮಾರವ್ಯಾಸನನ್ನು ಪಾಠ ಹೇಳಿದೆ. ಆ ಅವಧಿಯುದ್ದಕ್ಕೂ ರಾತ್ರಿ ಊಟವಾದ ಮೇಲೆ ನಾನು ಕೈಗೆತ್ತಿಕೊಳ್ಳುತ್ತಿದ್ದ ಪುಸ್ತಕಗಳಲ್ಲಿ ಈ ಜಾತಿಯವು ಕಡಿಮೆಯೇನೂ ಇರಲಿಲ್ಲ. ಹಗಲಿನ ಓದಿಗೂ ಇರುಳಿನ ಓದಿಗೂ ನಡುವೆ ಒಂದು ಗೋಡೆಯಿದೆಯೆಂದು ನನಗೆ ಎಂದೂ ಅನ್ನಿಸಿದ್ದಿಲ್ಲ. ಏಕೆ ಅನ್ನಿಸಲಿಲ್ಲ ಎಂಬುದನ್ನು ಈ ಹೊತ್ತು ಕೇಳುಗರ ಮುಂದೆ ನಿವೇದಿಸಬೇಕೆಂದಿದ್ದೇನೆ. ಇದು ವಿಮರ್ಶಕನ ತೀರ್ಪಲ್ಲ. ಒಬ್ಬ ಓದುಗನ ಅನಿಸಿಕೆಗಳು ಮಾತ್ರ.

ಮೊದಲು ಈ ಎರಡು ಹೆಸರುಗಳ ಅಂತರವನ್ನು ಸ್ಥೂಲವಾಗಿ ಗುರುತಿಸಿಕೊಳ್ಳೋಣ. ಎರಡರಲ್ಲಿಯೂ ನಮ್ಮ ನಿತ್ಯಾನುಭವಕ್ಕೆ ಸಿಕ್ಕದ ಸಂಗತಿಯೊಂದು ನಡೆಯುತ್ತದೆ. ವಿಜ್ಞಾನ ಕಾದಂಬರಿಯು ಆ ಸಂಗತಿಗೆ ಪ್ರಕೃತಿನಿಯಮದ ಆಧಾರವನ್ನು ಕೊಡಲು ಯತ್ನಿಸುತ್ತದೆ. ಅದ್ಭುತರಮ್ಯ ಕಾದಂಬರಿಯು ಮಂತ್ರ, ಶಾಪ, ಮಾಯೆಗಳನ್ನು ಆಧಾರವಾಗಿ ತೆಗೆದುಕೊಳ್ಳುತ್ತದೆ. ಒಂದರಲ್ಲಿ ನಾಯಕನು ಯಂತ್ರವೇರಿ ನಕ್ಷತ್ರಲೋಕಕ್ಕೆ ಹೋಗುತ್ತಾನೆ. ಇನ್ನೊಂದರಲ್ಲಿ ಮಂತ್ರ ಹೇಳಿ ಹೋಗುತ್ತಾನೆ. ಹೋಗುವ ಬಗೆ ಬೇರೆ ಬೇರೆಯಾದರೂ ಅಲ್ಲಿಗೆ ಹೋದ ಮೇಲೆ ಅವನಿಗೆ ಏನಾಗುತ್ತದೆ ಎಂಬುದೇ ಎರಡು ಕಡೆಯೂ ಮುಖ್ಯವಾದ ಪ್ರಶ್ನೆ. ಆದ್ದರಿಂದ ಇವೆರಡನ್ನೂ ಒಟ್ಟಿಗೆ ನೋಡುವುದರಲ್ಲಿ ತಪ್ಪಿಲ್ಲವೆಂದು ಭಾವಿಸುತ್ತೇನೆ.

ನಮ್ಮ ಕಾವ್ಯಮೀಮಾಂಸೆ ಅದ್ಭುತವನ್ನು ಕಡೆಗಣಿಸಿದ್ದಲ್ಲ. ಭರತನು ಎಣಿಸಿದ ಎಂಟು ರಸಗಳಲ್ಲಿ ಅದ್ಭುತವೂ ಒಂದು. ವಿಸ್ಮಯವು ಅದರ ಸ್ಥಾಯಿಭಾವ. ಆದರೆ ಸ್ಥಾಯಿ ಎನ್ನಿಸಿಕೊಂಡರೂ ಈ ವಿಸ್ಮಯವು ಬಹು ಬೇಗ ಬಾಡುವ ಹೂವು. ಶೋಕವನ್ನು ಒಂದು ಕಾವ್ಯದುದ್ದಕ್ಕೂ ಬೆಳೆಸಬಹುದು; ರತಿಯನ್ನೂ ಬೆಳೆಸಬಹುದು. ಕುದುರೆಯೊಂದು ರೆಕ್ಕೆ ಬಿಚ್ಚಿ ಹಾರಿದಾಗ ಮೊದಲ ಸಲ ಬೆರಗಾಗುತ್ತೇವೆ. ಮೂರನೆಯ ಸಲ ಹಾರಿದಾಗ ಅದೂ ಲಾಯದಲ್ಲಿ ಕಟ್ಟಿದ ಕುದುರೆಯೇ ಆಗಿಬಿಡುತ್ತದೆ. ಹಾಗಾದರೆ ನಾನೂರು ಪುಟಗಳ ಕಾದಂಬರಿಯೊಂದು ವಿಸ್ಮಯವನ್ನು ನಂಬಿಕೊಂಡು ನಿಲ್ಲುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ನೆನಪಾಗುವವನು ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ. ಕಾವ್ಯಕ್ಕೆ ಔಚಿತ್ಯವೇ ಜೀವಿತವೆಂದು ಸಾಧಿಸಿದ ‘ಔಚಿತ್ಯವಿಚಾರಚರ್ಚೆ’ಯ ಕರ್ತೃ ಅವನು. ಅದೇ ಕ್ಷೇಮೇಂದ್ರನು ಗುಣಾಢ್ಯನ ಬೃಹತ್ಕಥೆಯನ್ನು ‘ಬೃಹತ್ಕಥಾಮಂಜರಿ’ಯೆಂದು ಸಂಸ್ಕೃತದಲ್ಲಿ ಸಂಗ್ರಹಿಸಿದವನೂ ಹೌದು. ವಿದ್ಯಾಧರರು, ವೇತಾಳರು, ಆಕಾಶಗಮನ, ರೂಪಾಂತರ ಇವುಗಳಿಂದ ಕಿಕ್ಕಿರಿದ ಕಥಾಪ್ರಪಂಚವನ್ನೂ ಔಚಿತ್ಯದ ಸಿದ್ಧಾಂತವನ್ನೂ ಒಬ್ಬನೇ ಲೇಖಕನು ಕೈಹಿಡಿದು ನಡೆಸಿದನೆಂಬುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಔಚಿತ್ಯವೆಂದರೆ ಲೋಕದಲ್ಲಿ ನಡೆಯುವುದನ್ನು ಮಾತ್ರ ಹೇಳಬೇಕೆಂಬ ಕಟ್ಟಳೆಯಾಗಿದ್ದರೆ ಅವನು ಆ ಕಥೆಗಳನ್ನು ಮುಟ್ಟುತ್ತಲೇ ಇರಲಿಲ್ಲ. ಯಾವುದಕ್ಕೆ ಯಾವುದು ಒಪ್ಪುವುದೋ ಅದು ಅಲ್ಲಿರಬೇಕು ಎಂಬುದು ಔಚಿತ್ಯ. ಅಂದ ಮೇಲೆ ಅದ್ಭುತಕ್ಕೂ ಒಂದು ಔಚಿತ್ಯ ಇರಲೇಬೇಕಷ್ಟೆ.

ಇಂಗ್ಲೆಂಡಿನ ಎಚ್. ಜಿ. ವೆಲ್ಸನು ತನ್ನ ವೈಜ್ಞಾನಿಕ ಕಾದಂಬರಿಗಳ ಸಂಪುಟಕ್ಕೆ 1933ರಲ್ಲಿ ಬರೆದ ಮುನ್ನುಡಿಯಲ್ಲಿ ಹೆಚ್ಚುಕಡಿಮೆ ಇದೇ ವಿಚಾರವನ್ನು ತನ್ನದೇ ರೀತಿಯಲ್ಲಿ ಹೇಳಿದ್ದಾನೆ. ಅವನ ಅಭಿಪ್ರಾಯದ ಸಾರವಿಷ್ಟು: ಕಥೆಗಾರನು ಅಸಂಭವವಾದ ಒಂದೇ ಒಂದು ಕಲ್ಪನೆಯನ್ನು ಓದುಗನಿಂದ ಒಪ್ಪಿಸಿಕೊಳ್ಳಬೇಕು, ಮಿಕ್ಕದ್ದೆಲ್ಲವೂ ಮನುಷ್ಯಸಹಜವಾಗಿ ನಡೆಯಬೇಕು, ಏನು ಬೇಕಾದರೂ ಆಗಬಹುದಾದ ಲೋಕದಲ್ಲಿ ಯಾವುದರ ಬಗೆಗೂ ಕುತೂಹಲ ಉಳಿಯುವುದಿಲ್ಲ. ಇದಕ್ಕೆ ನನ್ನ ಓದಿನ ಅನುಭವದಿಂದ ಒಂದು ಮಾತು ಸೇರಿಸುತ್ತೇನೆ. ಆ ಒಂದು ಕಲ್ಪನೆಗೆ ಕಥೆಯೊಳಗಿನವರು ಬೆಲೆ ತೆರಬೇಕು. ಬೆಲೆಯಿಲ್ಲದೆ ದೊರೆತ ಅದ್ಭುತ ಬರಿಯ ಕಣ್ಕಟ್ಟು. ಬೆಲೆ ತೆತ್ತು ಪಡೆದದ್ದು ಸಾಹಿತ್ಯವಾಗುತ್ತದೆ.

ನಮಗೆಲ್ಲ ಪರಿಚಿತವಾದ ಒಂದು ಪುರಾಣಕಥೆಯನ್ನೇ ನೋಡೋಣ. ರೈವತನೆಂಬ ರಾಜನು ಮಗಳು ರೇವತಿಗೆ ತಕ್ಕ ವರನಾರೆಂದು ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾನ ನಡೆದಿರುತ್ತದೆ. ಮುಗಿಯಲೆಂದು ತುಸು ಹೊತ್ತು ಕಾಯುತ್ತಾನೆ. ಕಾದದ್ದು ಕ್ಷಣಕಾಲವೆಂದು ಅವನ ಎಣಿಕೆ. ಅಷ್ಟರಲ್ಲಿ ಭೂಮಿಯಲ್ಲಿ ಯುಗಯುಗಗಳೇ ಕಳೆದಿರುತ್ತವೆ. ಅವನು ಮನಸ್ಸಿನಲ್ಲಿ ಆರಿಸಿಟ್ಟುಕೊಂಡಿದ್ದ ವರರೂ ಅವರ ವಂಶಗಳೂ ಹೆಸರಿಲ್ಲದಂತಾಗಿವೆ. ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ವಿಷ್ಣುಪುರಾಣದಲ್ಲಿ ರೇವತಿಯನ್ನು ಬಲರಾಮನಿಗೆ ಕೊಡುವಾಗ ಇನ್ನೊಂದು ತೊಡಕು ಬರುತ್ತದೆ. ಅವಳು ಹಿಂದಿನ ಯುಗದವಳು. ಆ ಯುಗದವರ ಮೈಕಟ್ಟು ದೊಡ್ಡದು. ವರನಿಗಿಂತ ವಧು ಬಹಳ ಎತ್ತರವಾಗಿದ್ದಾಳೆ! ಬಲರಾಮನು ತನ್ನ ನೇಗಿಲಿನಿಂದ ಅವಳನ್ನು ತಗ್ಗಿಸಿ ತನಗೆ ಸರಿಮಾಡಿಕೊಳ್ಳುತ್ತಾನೆ. ಪುರಾಣಕಾರನು ಇಲ್ಲಿ ನಗಿಸುತ್ತಿದ್ದಾನೆ, ನಿಜ. ಆದರೆ ಯುಗಗಳು ಕಳೆದವೆಂದು ಒಮ್ಮೆ ಹೇಳಿದ ಮೇಲೆ ಅದರ ಪರಿಣಾಮವನ್ನು ವಧುವಿನ ಎತ್ತರದವರೆಗೂ ಲೆಕ್ಕ ಹಾಕಿದ್ದಾನೆ. ನಾನು ಹೇಳುತ್ತಿರುವ ಔಚಿತ್ಯ ಇದೇ.

ಈ ಕಥೆಯನ್ನು ಮುಂದೆ ಮಾಡಿ, ಸಾಪೇಕ್ಷತಾ ಸಿದ್ಧಾಂತವು ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ವಾದಿಸುವವರಿದ್ದಾರೆ. ಅವರ ಉತ್ಸಾಹದಲ್ಲಿ ನಾನು ಪಾಲುಗಾರನಲ್ಲ. 1905ರಲ್ಲಿ ಐನ್‌ಸ್ಟೈನರು ಮಂಡಿಸಿದ ಸಿದ್ಧಾಂತದಲ್ಲಿ ಕಾಲದ ವ್ಯತ್ಯಾಸಕ್ಕೆ ಕಾರಣ ವೇಗ. ಅದನ್ನು ಗಣಿತದಿಂದ ಎಣಿಸಬಹುದು, ಉಪಕರಣಗಳಿಂದ ಪರೀಕ್ಷಿಸಬಹುದು. ಪುರಾಣದಲ್ಲಿ ದೇವಲೋಕದ ಹಗಲಿಗೂ ಮನುಷ್ಯಲೋಕದ ಹಗಲಿಗೂ ಇರುವ ಅಳತೆಯೇ ಬೇರೆ. ಆದರೆ ಇವೆರಡಕ್ಕೂ ಒಂದು ನಂಟಿದೆ. ಅದು ವಿಜ್ಞಾನದ್ದಲ್ಲ, ದುಃಖದ್ದು. ಹೋದವರು ಹಿಂದಿರುಗುವ ಹೊತ್ತಿಗೆ ಊರು ತಮ್ಮದಾಗಿ ಉಳಿದಿರುವುದಿಲ್ಲ ಎಂಬ ದುಃಖ ಅದು.

ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರ 1966ರ ಕಾದಂಬರಿ ‘ರೊಕಾನನ್ಸ್ ವರ್ಲ್ಡ್’ ಆರಂಭವಾಗುವುದು ಇಂಥದೇ ಒಂದು ಕಥೆಯಿಂದ. ಸೆಮ್ಲಿ ಎಂಬ ಕುಲೀನ ಹೆಣ್ಣು ತನ್ನ ವಂಶದಿಂದ ಕಳೆದುಹೋದ ಕಂಠಾಭರಣವನ್ನು ಅರಸಿ ಹೊರಡುತ್ತಾಳೆ. ಭೂಮಿಯೊಳಗೆ ವಾಸಿಸುವ ಕುಳ್ಳರು ಅವಳನ್ನು ದೂರದ ಒಂದೆಡೆಗೆ ಕರೆದೊಯ್ಯುತ್ತಾರೆ. ಒಂದೇ ಒಂದು ದೀರ್ಘ ರಾತ್ರಿಯ ಪಯಣವೆಂದು ಅವರು ಹೇಳುತ್ತಾರೆ. ಆಭರಣ ಸಿಕ್ಕುತ್ತದೆ. ಅದನ್ನು ಗಂಡನ ಮುಂದೆ ಇಡಬೇಕೆಂದು ಹರ್ಷದಿಂದ ಹಿಂದಿರುಗಿದರೆ, ಗಂಡ ಯುದ್ಧದಲ್ಲಿ ಮಡಿದು ವರ್ಷಗಳಾಗಿವೆ. ಅವಳು ಬಿಟ್ಟುಹೋಗಿದ್ದ ಎಳೆಯ ಮಗಳು ಪ್ರಾಯದ ಹೆಣ್ಣಾಗಿ ಎದುರು ನಿಂತಿದ್ದಾಳೆ. ಕುಳ್ಳರು ಸುಳ್ಳು ಹೇಳಿರಲಿಲ್ಲ. ಬೆಳಕಿನ ವೇಗಕ್ಕೆ ಸಮೀಪವಾದ ನೌಕೆಯಲ್ಲಿ ಅವಳಿಗೆ ಅದು ಒಂದು ರಾತ್ರಿಯೇ. ಸೆಮ್ಲಿಯ ಕಣ್ಣಿಗೆ ಇದು ಕುಳ್ಳರ ಮಾಯೆ. ನಕ್ಷತ್ರಲೋಕದ ವಿಜ್ಞಾನಿಗಳ ಕಣ್ಣಿಗೆ ಭೌತಶಾಸ್ತ್ರ. ಒಂದೇ ಸಂಗತಿ ಒಂದು ಮಗ್ಗುಲಿನಿಂದ ಅದ್ಭುತರಮ್ಯ, ಇನ್ನೊಂದು ಮಗ್ಗುಲಿನಿಂದ ವಿಜ್ಞಾನ. ಎರಡು ಮಗ್ಗುಲಿನಲ್ಲೂ ಅವಳ ಅಳಲು ಒಂದೇ. ಈ ಎರಡು ಪ್ರಕಾರಗಳ ಸಂಬಂಧವನ್ನು ಇಷ್ಟು ಸರಳವಾಗಿ ತಿಳಿಸಿದ ಇನ್ನೊಂದು ಕಥೆಯನ್ನು ನಾನು ಓದಿಲ್ಲ.

ವಿಜ್ಞಾನ ಕಾದಂಬರಿಯನ್ನು ಹೊಗಳುವವರು ಸಾಮಾನ್ಯವಾಗಿ ಅದರ ಭವಿಷ್ಯಜ್ಞಾನವನ್ನು ಹೊಗಳುತ್ತಾರೆ. ಫ್ರಾನ್ಸಿನ ಜೂಲ್ಸ್ ವೆರ್ನ್‌ನು ಸಬ್‌ಮೆರೀನನ್ನು ಮುಂಚಿತವಾಗಿಯೇ ಕಂಡಿದ್ದನೆಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಆದರೆ ಭವಿಷ್ಯವು ವರ್ತಮಾನವಾದೊಡನೆ ಆ ಹಿರಿಮೆಯ ಬೆಲೆ ಇಳಿದುಹೋಗುತ್ತದೆ. ಇಂದು ‘ಸಮುದ್ರದಡಿಯಲ್ಲಿ ಇಪ್ಪತ್ತು ಸಾವಿರ ಲೀಗುಗಳು’ ಎಂಬ ಆ 1870ರ ಕಾದಂಬರಿಯನ್ನು ಹಡಗಿನ ವಿವರಕ್ಕಾಗಿ ಯಾರೂ ಓದುವುದಿಲ್ಲ. ಹಡಗಿನ ಒಡೆಯನಾದ ಕ್ಯಾಪ್ಟನ್ ನೆಮೋನ ಸಲುವಾಗಿ ಓದುತ್ತೇವೆ. ಲ್ಯಾಟಿನ್ ಭಾಷೆಯಲ್ಲಿ ನೆಮೋ ಎಂದರೆ ‘ಯಾರೂ ಅಲ್ಲ’. ಈತ ಪೋಲೆಂಡಿನ ಕುಲೀನನಾಗಿರಬೇಕು, ರಷ್ಯನ್ನರು ಕುಟುಂಬವನ್ನು ನಾಶಮಾಡಿದುದರಿಂದ ಸೇಡಿಗೆ ನಿಂತವನಾಗಿರಬೇಕು ಎಂದು ವೆರ್ನ್‌ ಮೊದಲು ಯೋಚಿಸಿದ್ದನು. ರಷ್ಯಾದ ಮಾರುಕಟ್ಟೆ ಕೈತಪ್ಪೀತೆಂದು ಪ್ರಕಾಶಕನು ಒಪ್ಪಲಿಲ್ಲ. ನೆಮೋ ಹೆಸರಿಲ್ಲದವನಾಗಿ, ನಾಡಿಲ್ಲದವನಾಗಿ ಉಳಿದನು.

ಕೆಲವು ವರ್ಷಗಳ ಅನಂತರ, 1875ರಲ್ಲಿ ಮುಗಿದ ‘ರಹಸ್ಯ ದ್ವೀಪ’ ಎಂಬ ಕಾದಂಬರಿಯಲ್ಲಿ, ಮರಣಶಯ್ಯೆಯಲ್ಲಿರುವ ನೆಮೋ ತನ್ನ ಗುಟ್ಟನ್ನು ಬಿಡುತ್ತಾನೆ. ಅವನು ಬುಂದೇಲಖಂಡದ ರಾಜಕುಮಾರ ಡಕ್ಕಾರ್. 1857ರ ಸಂಗ್ರಾಮದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು. ಅಷ್ಟೇ ಅಲ್ಲ, ಟಿಪ್ಪು ಸುಲ್ತಾನನ ಸೋದರಳಿಯ! ಶ್ರೀರಂಗಪಟ್ಟಣದ ಕೋಟೆಯಲ್ಲಿ ಟಿಪ್ಪು ಮಡಿದದ್ದು 1799ರಲ್ಲಿ. ಬುಂದೇಲಖಂಡಕ್ಕೂ ಮೈಸೂರಿಗೂ ಈ ನೆಂಟಸ್ತಿಕೆ ಹೇಗೆ ಕೂಡಿತೆಂದು ಚರಿತ್ರೆಯನ್ನು ಕೇಳಿ ಪ್ರಯೋಜನವಿಲ್ಲ. ಫ್ರಾನ್ಸಿನ ಓದುಗನಿಗೆ ಬ್ರಿಟಿಷರನ್ನು ಎದುರಿಸಿದ ಭಾರತೀಯನೆಂದರೆ ಟಿಪ್ಪುವಿನ ಹೆಸರು ಸಾಕಾಗಿತ್ತು. ವೆರ್ನ್‌ ಅದನ್ನು ಬಳಸಿಕೊಂಡನು. ಕನ್ನಡನಾಡಿನ ಒಂದು ಹೆಸರು ಹೀಗೆ ಸಾಗರದಡಿಯ ಹಡಗನ್ನು ಹೊಕ್ಕಿದೆಯೆಂದು ತಿಳಿದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಆದರೆ ಸಂತೋಷಕ್ಕಿಂತ ಮುಖ್ಯವಾದುದು ನೆಮೋ ತೆತ್ತ ಬೆಲೆ. ಅವನು ಅಜೇಯನಾದ ಹಡಗನ್ನು ಕಟ್ಟಿದನು. ಯಾವ ಸಾಮ್ರಾಜ್ಯವೂ ಅವನನ್ನು ಮುಟ್ಟಲಾರದಾಯಿತು. ಜೊತೆಗೆ ಯಾವ ಮನುಷ್ಯನೂ ಮುಟ್ಟಲಾರದಾದನು. ಗೆದ್ದ ಸ್ವಾತಂತ್ರ್ಯವೇ ಅವನಿಗೆ ಏಕಾಂತದ ಸೆರೆಯಾಯಿತು.

ವೆಲ್ಸನ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ 1898ರಲ್ಲಿ ಪುಸ್ತಕವಾಗಿ ಬಂದಿತು. ಮಂಗಳಗ್ರಹದವರು ಇಂಗ್ಲೆಂಡಿನ ಮೇಲೆ ದಾಳಿಮಾಡುವ ಕಥೆ. ರೇಡಿಯೋ ಕೇಳುಗರಾದ ನಿಮ್ಮಲ್ಲಿ ಕೆಲವರಿಗೆ ಇದರ ಇನ್ನೊಂದು ಪ್ರಸಂಗ ತಿಳಿದಿರಬಹುದು. 1938ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಆರ್ಸನ್ ವೆಲ್ಸ್ ಈ ಕಥೆಯನ್ನು ವಾರ್ತಾಪ್ರಸಾರದ ಮಾದರಿಯ ಬಾನುಲಿ ನಾಟಕವಾಗಿ ಪ್ರಸಾರಮಾಡಿದಾಗ ಕೆಲವರು ನಿಜವೆಂದೇ ನಂಬಿ ಹೆದರಿದರು. ದೇಶಕ್ಕೆ ದೇಶವೇ ಬೀದಿಗಿಳಿಯಿತೆಂಬುದು ಪತ್ರಿಕೆಗಳು ಉಬ್ಬಿಸಿದ ಮಾತೆಂದು ಅನಂತರದ ಸಂಶೋಧಕರು ತೋರಿಸಿದ್ದಾರೆ. ಇರಲಿ. ನನ್ನನ್ನು ತಟ್ಟಿದ್ದು ಆ ಭಯವಲ್ಲ. ವೆಲ್ಸನು ಕಥೆಯ ಮೊದಲ ಪುಟಗಳಲ್ಲಿಯೇ ಟಾಸ್ಮೇನಿಯದ ಮೂಲನಿವಾಸಿಗಳನ್ನು ನೆನೆಯುತ್ತಾನೆ. ಐರೋಪ್ಯರು ಅವರಿಗೆ ಮಾಡಿದ್ದನ್ನೇ ಮಂಗಳದವರು ನಮಗೆ ಮಾಡಿದರೆ ದೂರುವ ಹಕ್ಕು ನಮಗಿದೆಯೇ ಎಂದು ಕೇಳುತ್ತಾನೆ. ಸಾಮ್ರಾಜ್ಯವು ಉತ್ತುಂಗದಲ್ಲಿದ್ದ ದಿನಗಳಲ್ಲಿ ಲಂಡನ್ನಿನ ಓದುಗನನ್ನು ಒಂದು ದಿನದ ಮಟ್ಟಿಗೆ ಸೋತ ಜನರ ಜಾಗದಲ್ಲಿ ನಿಲ್ಲಿಸುವುದಕ್ಕೆ ಅವನಿಗೆ ಮಂಗಳಗ್ರಹ ಬೇಕಾಯಿತು. ನೇರವಾಗಿ ಹೇಳಿದ್ದರೆ ಕೇಳುವವರು ಎಷ್ಟು ಮಂದಿ ಇರುತ್ತಿದ್ದರು? ಅದ್ಭುತಕ್ಕೆ ಇಂತಹ ಒಂದು ಉಪಯೋಗವೂ ಇದೆ.

ಇವರಿಬ್ಬರಿಗಿಂತ ಹಿರಿಯಳು ಮೇರಿ ಶೆಲ್ಲಿ. 1815ರಲ್ಲಿ ಇಂಡೊನೇಷಿಯದ ಟಂಬೋರಾ ಅಗ್ನಿಪರ್ವತವು ಸಿಡಿದು, ಅದರ ಧೂಳಿನ ಮರೆಯಿಂದಾಗಿ ಮರುವರ್ಷ ಯೂರೋಪಿನಲ್ಲಿ ಬೇಸಗೆಯೇ ಬರಲಿಲ್ಲವೆನ್ನುವಂತಾಯಿತು. ಆ ಮಳೆಚಳಿಯ ದಿನಗಳಲ್ಲಿ ಜಿನೀವಾ ಸರೋವರದ ದಡದ ಮನೆಯೊಂದರಲ್ಲಿ, ಬೈರನ್ ಮೊದಲಾದವರ ಕೂಟದಲ್ಲಿ, ಹದಿನೆಂಟು ವರ್ಷದ ಹುಡುಗಿ ಆರಂಭಿಸಿದ ಕಥೆಯೇ 1818ರಲ್ಲಿ ಪ್ರಕಟವಾದ ‘ಫ್ರಾಂಕೆನ್‌ಸ್ಟೈನ್’. ವಿಜ್ಞಾನಿಯೊಬ್ಬನು ಜೀವವನ್ನು ಸೃಷ್ಟಿಸಿ ದೇವರ ಕೆಲಸಕ್ಕೆ ಕೈಹಾಕಿದನು, ಶಿಕ್ಷೆ ಅನುಭವಿಸಿದನು ಎಂದು ಇದರ ನೀತಿಯನ್ನು ಹೇಳುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಸೃಷ್ಟಿಸಿದ್ದರಲ್ಲಿ ಅವನ ಪಾಪವಿಲ್ಲ. ಸೃಷ್ಟಿ ಕಣ್ಣು ತೆರೆದೊಡನೆ ಅದರ ವಿಕಾರಕ್ಕೆ ಹೇಸಿ ಓಡಿಹೋದದ್ದರಲ್ಲಿದೆ. ತಂದೆಯಿಲ್ಲದ ಆ ಜೀವಿ ಒಂದು ಬಡ ಕುಟುಂಬದ ಮನೆಗೆ ಅಂಟಿಕೊಂಡ ಕೊಟ್ಟಿಗೆಯಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ಅವರ ಮಾತುಕತೆ ಕೇಳಿ ಕೇಳಿ ಭಾಷೆ ಕಲಿಯುತ್ತದೆ. ದಾರಿಯಲ್ಲಿ ಸಿಕ್ಕ ಮಿಲ್ಟನ್ನನ ಕಾವ್ಯವನ್ನು, ಪ್ಲುಟಾರ್ಕನ ಜೀವನಚರಿತ್ರೆಗಳನ್ನು, ಗಯಟೆಯ ಕಾದಂಬರಿಯನ್ನು ಓದುತ್ತದೆ. ಭಾಷೆ ಬಂದಿತು, ಸಾಹಿತ್ಯ ಬಂದಿತು. ಮಾತನಾಡಿಸುವವರು ಮಾತ್ರ ಬರಲಿಲ್ಲ. ಇಂದು ಮನುಷ್ಯರ ಬರಹಗಳನ್ನು ರಾಶಿರಾಶಿಯಾಗಿ ಉಂಡು ಮನುಷ್ಯನಂತೆ ವಾಕ್ಯ ರಚಿಸುವ ಯಂತ್ರಗಳು ನಮ್ಮ ನಡುವೆ ಬಂದಿವೆ. ಅವುಗಳ ಬಗೆಗೆ ಚರ್ಚೆ ನಡೆದಾಗಲೆಲ್ಲ ನಾನು ಆ ಗೋಡೆಯ ಬಿರುಕನ್ನು ನೆನೆಯುತ್ತೇನೆ. ನಿರ್ಮಿಸಬಹುದೇ ಎಂಬ ಪ್ರಶ್ನೆಗಿಂತ ನಿರ್ಮಿಸಿದವನು ಹೊಣೆ ಹೊರುತ್ತಾನೆಯೇ ಎಂಬ ಪ್ರಶ್ನೆ ದೊಡ್ಡದೆಂದು ಹದಿನೆಂಟರ ಹುಡುಗಿಗೆ ಹೊಳೆದಿತ್ತು.

ಈಗ ಮಂತ್ರಮಾಯೆಗಳ ಕಡೆಗೆ ಬರೋಣ. ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಭಾಷೆಯ ಅಧ್ಯಾಪಕನಾದ ನನಗೆ ಅವರ ಮೇಲೆ ಒಂದು ಬಗೆಯ ಸ್ವಜನಪಕ್ಷಪಾತವಿದೆಯೆಂದರೂ ಸರಿಯೆ. ಅವರು ಮೊದಲು ಭಾಷೆಗಳನ್ನು ಕಟ್ಟಿದರು. ಧ್ವನಿವ್ಯತ್ಯಾಸ, ಧಾತು, ಪ್ರತ್ಯಯಗಳೊಡನೆ ಕಟ್ಟಿದರು. ಆ ಭಾಷೆಗಳನ್ನಾಡಲು ಜನ ಬೇಕಾಯಿತು. ಜನರಿಗೆ ಚರಿತ್ರೆ ಬೇಕಾಯಿತು. ಹೀಗೆ ಲೋಕವೊಂದು ಹುಟ್ಟಿತು. ಅಲ್ಲಿಯ ಒಂದು ಬೆಟ್ಟದ ಹೆಸರನ್ನು ಓದಿದಾಗ, ಅದು ಇನ್ನೊಂದು ಹಳೆಯ ರೂಪದಿಂದ ಸವೆದು ಬಂದದ್ದಿರಬೇಕು ಎಂಬ ಭಾವನೆ ಓದುಗನಿಗೆ ತಾನಾಗಿ ಬರುತ್ತದೆ. ಹಳಗನ್ನಡದ ಶಾಸನಗಳಲ್ಲಿ ನಮ್ಮೂರ ಹೆಸರುಗಳ ಪೂರ್ವರೂಪ ಕಂಡಾಗ ಆಗುವ ರೋಮಾಂಚದಂತಹದೇ ಅದು.

ಆ ಮಹಾಕಥೆಯ ತಿರುಳು ಒಂದು ಉಂಗುರ. ಅದು ಅಪಾರ ಶಕ್ತಿಯನ್ನು ಕೊಡುತ್ತದೆ; ಆದರೆ ಆ ಶಕ್ತಿಯನ್ನು ಒಳ್ಳೆಯದಕ್ಕೆ ಬಳಸಲು ಹೊರಟವನೂ ಕೆಡುತ್ತಾನೆ. ಇದು ಅಲ್ಲಿಯ ನಿಯಮ. ಲೇಖಕರು ಯಾರಿಗೂ ವಿನಾಯಿತಿ ಕೊಡುವುದಿಲ್ಲ, ತಮ್ಮ ನಾಯಕನಿಗೂ. ಉಂಗುರವನ್ನು ಬೆಂಕಿಗೆಸೆಯಲೆಂದು ಸಾವಿರ ಕಷ್ಟ ಪಟ್ಟು ಬಂದ ಫ್ರೋಡೋ ಕಟ್ಟಕಡೆಯ ಗಳಿಗೆಯಲ್ಲಿ ಅದು ತನ್ನದೆಂದು ಬೆರಳಿಗೆ ಧರಿಸಿಬಿಡುತ್ತಾನೆ. ಅವನನ್ನೂ ಲೋಕವನ್ನೂ ಉಳಿಸುವುದು ಗೋಲಮ್ ಎಂಬ ದೀನ, ಕುಟಿಲ ಪ್ರಾಣಿ. ಅದು ಉಂಗುರದ ಆಸೆಗೆ ಅವನ ಬೆರಳನ್ನೇ ಕಚ್ಚಿ ಕಿತ್ತು, ಕಾಲುಜಾರಿ ಬೆಂಕಿಗೆ ಬೀಳುತ್ತದೆ. ಕೊಲ್ಲಲು ಅವಕಾಶವಿದ್ದಾಗ ಕನಿಕರದಿಂದ ಕೊಲ್ಲದೆ ಬಿಟ್ಟದ್ದರಿಂದ ಬದುಕಿದ್ದ ಪ್ರಾಣಿ ಅದು. ವೀರ್ಯವು ಸೋತಲ್ಲಿ ಎಂದೋ ತೋರಿದ ಕರುಣೆ ಕೈಹಿಡಿಯಿತು. 1916ರಲ್ಲಿ ಸೋಮ್ ಕದನದ ಕಂದಕಗಳನ್ನು ಕಣ್ಣಾರೆ ಕಂಡಿದ್ದ ಲೇಖಕನೊಬ್ಬನ ಕೈಯಿಂದ ಬಂದ ಮಾತೆಂಬುದನ್ನು ಮರೆಯುವಂತಿಲ್ಲ.

ಮತ್ತೆ ಲೆ ಗ್ವಿನ್ ಅವರ ಹೆಸರನ್ನೆತ್ತಬೇಕು. ಅವರ 1968ರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಗಾತ್ರದಲ್ಲಿ ಚಿಕ್ಕದು. ಆ ದ್ವೀಪಲೋಕದಲ್ಲಿ ಪ್ರತಿಯೊಂದಕ್ಕೂ ಒಂದು ನಿಜನಾಮವಿದೆ. ಅದನ್ನು ಬಲ್ಲವನಿಗೆ ಆ ವಸ್ತು ವಶ. ನಾಮಕ್ಕೂ ಮಂತ್ರಕ್ಕೂ ಇರುವ ನಂಟನ್ನು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಲಿ ಮಾಂತ್ರಿಕನು ಒಂದು ದ್ವೀಪಕ್ಕೆ ಮಳೆ ಕರೆದರೆ ಇನ್ನೊಂದು ದ್ವೀಪಕ್ಕೆ ಬರ ಬಂದೀತು. ಸಮತೂಕ ತಪ್ಪಿಸುವ ಪ್ರತಿಯೊಂದು ಮಾತಿಗೂ ಎಲ್ಲಿಯೋ ಯಾರೋ ಲೆಕ್ಕ ತೀರಿಸಬೇಕು. ಗೆಡ್ ಎಂಬ ಪ್ರತಿಭಾವಂತ ಹುಡುಗನು ಜಂಭಕ್ಕಾಗಿ ಸತ್ತವರನ್ನು ಕರೆದು ತೋರಿಸಲು ಹೋಗಿ ಕರಿಯ ನೆರಳೊಂದನ್ನು ಲೋಕಕ್ಕೆ ಬಿಡುತ್ತಾನೆ. ಅದು ಅಟ್ಟಿದಂತೆಲ್ಲ ಓಡುತ್ತಾನೆ. ಆಮೇಲೆ ಗುರುವಿನ ಮಾತಿನಂತೆ ತಿರುಗಿ ನಿಂತು ತಾನೇ ಅದನ್ನು ಅಟ್ಟುತ್ತಾನೆ. ಸಮುದ್ರದ ಅಂಚಿನಲ್ಲಿ ಎದುರುಬದುರಾದಾಗ ಅವನು ನೆರಳನ್ನು ಕರೆಯುವ ಹೆಸರು ತನ್ನ ಹೆಸರೇ. ಕೊಲ್ಲುವುದೂ ಇಲ್ಲ, ಸಾಯುವುದೂ ಇಲ್ಲ. ತನ್ನದನ್ನು ತನ್ನದೆಂದು ಒಪ್ಪಿಕೊಳ್ಳುವುದಷ್ಟೆ. ಅರಿಷಡ್ವರ್ಗಗಳನ್ನು ಶತ್ರುಗಳೆಂದು ಹೇಳಿಕೇಳಿ ಬೆಳೆದ ನನಗೆ ಈ ಮುಕ್ತಾಯವು ಬಹಳ ದಿನ ಯೋಚನೆಗೆ ಹಚ್ಚಿತು.

ಇನ್ನೊಂದು ಪುಸ್ತಕದ ಬಗೆಗೆ ಹೇಳುವಾಗ ನನ್ನ ದನಿ ತುಸು ತಗ್ಗಿದರೆ ಕೇಳುಗರು ಮನ್ನಿಸಬೇಕು. ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ ಅವರ ‘ಸೊಲಾರಿಸ್’ 1961ರಲ್ಲಿ ಪ್ರಕಟವಾಯಿತು. ಸೊಲಾರಿಸ್ ಒಂದು ಗ್ರಹ. ಅದನ್ನು ಆವರಿಸಿರುವ ಕಡಲೇ ಒಂದು ಜೀವಿ. ತಲೆಮಾರುಗಳಿಂದ ವಿಜ್ಞಾನಿಗಳು ಅದನ್ನು ಕುರಿತು ಗ್ರಂಥಾಲಯ ತುಂಬುವಷ್ಟು ಬರೆದಿದ್ದಾರೆ, ಒಂದಕ್ಷರವೂ ಅರ್ಥವಾಗಿಲ್ಲ. ಅಲ್ಲಿಗೆ ಬಂದ ಕೆಲ್ವಿನ್ ಎಂಬಾತನು ಒಂದು ಬೆಳಗ್ಗೆ ಕಣ್ಣು ಬಿಟ್ಟಾಗ, ಎಂದೋ ತೀರಿಹೋದ ಅವನ ಮಡದಿ ಎದುರಿಗೆ ಕುಳಿತಿದ್ದಾಳೆ. ಆ ಕಡಲು ಅವನ ನೆನಪಿನಿಂದ ಅವಳನ್ನು ರಚಿಸಿ ಕಳುಹಿಸಿದೆ. ಅವಳ ಉಡುಪಿನ ಮುಂಭಾಗದಲ್ಲಿ ಗುಂಡಿಗಳಿವೆ. ಬಿಚ್ಚಲು ಹೋದರೆ ಅವು ಅಲಂಕಾರಕ್ಕೆ ಮಾತ್ರ, ತೆರಪೇ ಇಲ್ಲ. ಅವನ ನೆನಪಿನಲ್ಲಿ ಗುಂಡಿಗಳಿದ್ದವು, ತೆರಪಿರಲಿಲ್ಲ. ಅವಳು ಸತ್ತ ಮೇಲೆ ಅವನಿಗೆ ಪರಿಚಯವಾದವನೊಬ್ಬನ ಹೆಸರು ಅವಳ ಮಾತಿನಲ್ಲಿ ಬಂದುಬಿಡುತ್ತದೆ. ಅವಳಿಗೆ ತಿಳಿದಿರುವುದೆಲ್ಲ ಅವನು ಬಲ್ಲದ್ದು.

ಈ ಪುಸ್ತಕವನ್ನು ನಾನು ಎರಡು ಸಲ ಓದಿದ್ದೇನೆ. ಮೊದಲ ಸಲ ಯೌವನದಲ್ಲಿ. ಆಗ ಅದು ಜಾಣ ಕಥೆಯೆನ್ನಿಸಿತು. ಎರಡನೆಯ ಸಲ ಓದುವಾಗ ನನ್ನ ಮನೆಯಾಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜೊತೆಗಿದ್ದವಳು. ಅಂತಹ ಕಡಲೊಂದು ಅವಳನ್ನು ತಂದು ನನ್ನ ಕೊಠಡಿಯ ಬಾಗಿಲಲ್ಲಿ ನಿಲ್ಲಿಸಿದರೆ ಏನು ಕೇಳಲಿ ಎಂದು ಯೋಚಿಸಿದೆ. ಕೇಳಬೇಕಾದದ್ದು ಬಹಳವಿತ್ತು. ಮದುವೆಗೆ ಮೊದಲು ಅವಳು ಏನಾಗಬೇಕೆಂದು ಬಯಸಿದ್ದಳು, ಸಂಜೆ ಅಡಿಗೆಮನೆಯಲ್ಲಿ ತನ್ನಷ್ಟಕ್ಕೆ ಗುನುಗುತ್ತಿದ್ದ ಹಾಡನ್ನು ಯಾರಿಂದ ಕಲಿತಳು, ಇಂಥವು. ಆದರೆ ನನ್ನ ನೆನಪಿನಿಂದ ಎದ್ದು ಬಂದವಳು ಇವುಗಳಿಗೆ ಉತ್ತರ ಹೇಳಲಾರಳು. ಇದ್ದಾಗ ಕೇಳದೆ ಬಿಟ್ಟದ್ದು ಅವಳ ಜೊತೆಗೇ ಹೋಯಿತು. ಪ್ರೀತಿಸಿದವರಲ್ಲಿ ನಾವು ಅರಿಯದೆ ಉಳಿದ ಭಾಗವೇ ಅವರ ನಿಜವಾದ ಸ್ವಂತಿಕೆ, ನಾವು ಕಳೆದುಕೊಂಡದ್ದು ಅದನ್ನೇ ಎಂಬುದು ನನಗೆ ಅಂದು ತಿಳಿಯಿತು. ಎಷ್ಟೋ ಶೋಕಗೀತೆಗಳನ್ನು ಪಾಠ ಹೇಳಿದ್ದೇನೆ. ಇದನ್ನು ನನಗೆ ಹೇಳಿದ್ದು ಮಾತ್ರ ಬೇರೆ ಗ್ರಹವೊಂದರ ಕಥೆ.

ಹೀಗೆಂದ ಮಾತ್ರಕ್ಕೆ ಈ ಪ್ರಕಾರದಲ್ಲಿ ಬಂದದ್ದೆಲ್ಲ ಶ್ರೇಷ್ಠವೆಂದು ನಾನು ಹೇಳುತ್ತಿಲ್ಲ. ಜೊಳ್ಳು ಬೇಕಾದಷ್ಟಿದೆ. ಕಥೆ ಇಕ್ಕಟ್ಟಿಗೆ ಸಿಕ್ಕಾಗ ಹೊಸದೊಂದು ಮಂತ್ರವನ್ನೋ ಯಂತ್ರವನ್ನೋ ತಂದು ಬಿಡಿಸುವ ಲೇಖಕರಿದ್ದಾರೆ. ಓದುಗನಿಗೆ ಅದು ಆಟದ ನಡುವೆ ನಿಯಮ ಬದಲಾಯಿಸಿದಂತೆ. ಯಂತ್ರಗಳ ವರ್ಣನೆಯಲ್ಲಿ ಮೈಮರೆತು ಮನುಷ್ಯರನ್ನು ರಟ್ಟಿನ ಬೊಂಬೆಗಳಾಗಿ ಬಿಡುವವರಿದ್ದಾರೆ. ಒಂದು ಸಂಪುಟ ಗೆದ್ದಿತೆಂದು ಹತ್ತು ಸಂಪುಟಗಳಿಗೆ ಎಳೆಯುವವರಂತೂ ಹೇರಳ. ಇಂಥ ಪುಸ್ತಕಗಳನ್ನು ನಾನು ಅಳೆಯುವ ಮಾನ ಸರಳವಾದದ್ದು. ಈ ಅದ್ಭುತವನ್ನು ತೆಗೆದುಹಾಕಿದರೆ ಕಥೆ ಹಾಗೆಯೇ ನಿಲ್ಲುವುದಾದರೆ ಅದ್ಭುತವು ಅಲ್ಲಿ ಅನವಶ್ಯಕ. ಅದನ್ನು ಇರಿಸಿಕೊಂಡೂ ಯಾರ ಬಾಳೂ ಬದಲಾಗದಿದ್ದರೆ ಅದು ನಿಷ್ಫಲ.

ನಮ್ಮ ಕನ್ನಡದ ಮಾತೇನು? ರಾಜಶೇಖರ ಭೂಸನೂರಮಠರು ‘ಮನ್ವಂತರ’ದಂತಹ ಕೃತಿಗಳಿಂದ ಕನ್ನಡದಲ್ಲಿ ವಿಜ್ಞಾನ ಕಥೆಗೆ ದಾರಿ ಮಾಡಿದವರಲ್ಲಿ ಪ್ರಮುಖರು. ಹಾಗಿದ್ದೂ ನಮ್ಮ ಸಾಹಿತ್ಯಚರಿತ್ರೆಗಳು ಈ ದಾರಿಗೆ ಒಂದೆರಡು ವಾಕ್ಯಗಳಿಗಿಂತ ಹೆಚ್ಚು ಜಾಗ ಕೊಟ್ಟಿಲ್ಲ. ಇಲ್ಲಿ ಪೂರ್ಣಚಂದ್ರ ತೇಜಸ್ವಿಯವರ 1980ರ ‘ಕರ್ವಾಲೊ’ವನ್ನೂ ನೆನೆಯಬೇಕು. ಅದನ್ನು ವಿಜ್ಞಾನ ಕಾದಂಬರಿಯೆಂದು ಕರೆಯುವುದು ಸರಿಯಾಗಲಾರದು. ಅಲ್ಲಿ ಅಸಂಭವವಾದುದೇನೂ ನಡೆಯುವುದಿಲ್ಲ. ಹಾರುವ ಓತಿಯೊಂದನ್ನು ಅರಸಿ ಮಲೆನಾಡಿನ ಕಾಡಿಗೆ ಹೊರಟ ವಿಜ್ಞಾನಿ ಮತ್ತು ಅವನ ಸಂಗಡಿಗರ ಕಥೆ ಅದು. ಊರವರ ಕಣ್ಣಿಗೆ ಉಂಡಾಡಿಯಾದ ಮಂದಣ್ಣನೇ ಆ ವಿಜ್ಞಾನಿಗೆ ಬೆಲೆಬಾಳುವ ಸಹಾಯಕ. ಕೊನೆಗೆ ಆ ಓತಿ ಕೈಗೆ ಸಿಕ್ಕೇಬಿಟ್ಟಿತೆನ್ನುವಾಗ ಪ್ರಪಾತದ ಕಡೆಗೆ ತೇಲಿ ಹೋಗುತ್ತದೆ. ನೋಡುತ್ತ ನಿಂತವರ ಮನಸ್ಸು ಕೋಟ್ಯಂತರ ವರ್ಷಗಳ ಕಾಲದ ಎದುರಿಗೆ ಬೆತ್ತಲೆಯಾಗಿ ನಿಲ್ಲುತ್ತದೆ. ವಿಸ್ಮಯಕ್ಕೆ 8 ಲಕ್ಷ ವರ್ಷ ಮುಂದಕ್ಕೋ ಇನ್ನೊಂದು ಗ್ರಹಕ್ಕೋ ಹೋಗಲೇಬೇಕೆಂದಿಲ್ಲ, ಬೇಲಿಯಾಚೆಯ ಮರದಲ್ಲಿಯೂ ಅದು ಇದ್ದೀತು ಎಂದು ಕನ್ನಡ ಕಾದಂಬರಿ ಹೀಗೆ ತನ್ನದೇ ರೀತಿಯಲ್ಲಿ ತೋರಿಸಿಕೊಟ್ಟಿತು.

ಈ ಬಗೆಯ ಪುಸ್ತಕಗಳನ್ನು ಎಂದೂ ಓದದವರು ಎಲ್ಲಿಂದ ತೊಡಗಬೇಕೆಂದು ನನ್ನನ್ನು ಕೇಳುವುದುಂಟು. ಮಂತ್ರಲೋಕಕ್ಕೆ ಲೆ ಗ್ವಿನ್ ಅವರ ಆ ಚಿಕ್ಕ ಕಾದಂಬರಿಯಿಂದ, ಯಂತ್ರಲೋಕಕ್ಕೆ ವೆಲ್ಸನಿಂದ ತೊಡಗಿರಿ. ‘ಸೊಲಾರಿಸ್’ ತಡವಾದರೂ ಚಿಂತೆಯಿಲ್ಲ, ಅದು ಕಾಯುತ್ತದೆ. ಹೊರಡುವಾಗ ನಿಮ್ಮ ವಯಸ್ಸನ್ನಾಗಲಿ ಪಾಂಡಿತ್ಯವನ್ನಾಗಲಿ ಬಾಗಿಲಲ್ಲಿ ಬಿಟ್ಟು ಹೋಗಬೇಕಾಗಿಲ್ಲ. ಬಾಳಿನಲ್ಲಿ ಕಂಡುಂಡದ್ದನ್ನೆಲ್ಲ ಜೊತೆಗೇ ಕೊಂಡೊಯ್ಯಿರಿ. ಆ ಲೋಕಗಳಲ್ಲಿ ಕೇಳುವ ಬೆಲೆಯನ್ನು ತೆರಲು ಸಲ್ಲುವ ನಾಣ್ಯ ಅದೊಂದೇ.